ಚರ್ಚ್ ಮಂಡಳಿ ಕಟ್ಟುವ ಕ್ರಮ: ಅಧಿಕಾರದ ಪಟ್ಟಿಯಿಂದ ಹಸ್ತಾಂತರದವರೆಗೆ

ಮಂಡಳಿ ಆಯ್ಕೆಯಾಗಿ ಆರೇಳು ತಿಂಗಳಾಗುವಷ್ಟರಲ್ಲಿ ರಾಜೀನಾಮೆ ಪತ್ರಗಳು ಬರತೊಡಗುವ ಚರ್ಚುಗಳನ್ನು ಗಮನಿಸಿದರೆ ಕಾರಣ ಹೆಚ್ಚುಕಡಿಮೆ ಒಂದೇ. ಮೊದಲು ಜನರನ್ನು ಆರಿಸಿರುತ್ತಾರೆ. ಆ ಜನ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟಿರುತ್ತಾರೆ. ಸಭಾಪಾಲಕರ (ಪಾದ್ರಿಯ) ಮನಸ್ಸಿನಲ್ಲಿ ಒಂದು ಲೆಕ್ಕ, ಖಜಾಂಚಿಯ ಮನಸ್ಸಿನಲ್ಲಿ ಇನ್ನೊಂದು, ಹಿರಿಯರ ಮನಸ್ಸಿನಲ್ಲಿ ಮತ್ತೊಂದು. ಮೊದಲ ದೊಡ್ಡ ಖರ್ಚು ಎದುರಾದ ದಿನ ಮೂವರೂ ತಮ್ಮದೇ ಸರಿ ಎನ್ನುತ್ತಾರೆ, ತೋರಿಸಲು ಯಾರ ಬಳಿಯೂ ಕಾಗದ ಇರುವುದಿಲ್ಲ.

ಆದ್ದರಿಂದ ಇಲ್ಲಿ ಒತ್ತು ಕ್ರಮಕ್ಕೆ. ಅಧಿಕಾರ ಮೊದಲು, ಸ್ಥಾನಗಳು ಆಮೇಲೆ, ವ್ಯಕ್ತಿಗಳು ಅದರ ನಂತರ. ನೇರವಾಗಿ ಹಂತ 4ಕ್ಕೆ ಜಿಗಿಯುವ ಆಸೆ ಎಲ್ಲರಿಗೂ ಇರುತ್ತದೆ, ಏಕೆಂದರೆ ಹೆಸರುಗಳ ಬಗ್ಗೆ ಮಾತನಾಡುವುದು ರುಚಿ, ನಿಯಮಗಳ ಬಗ್ಗೆ ಮಾತನಾಡುವುದು ಸಪ್ಪೆ. ಆ ಆಸೆಯನ್ನು ತಡೆದುಕೊಳ್ಳಿ. ಒಂದೊಂದು ಪಂಗಡದಲ್ಲಿ ಇದಕ್ಕೆ ಕಮಿಟಿ, ಕೌನ್ಸಿಲ್, ಸೆಷನ್, ವೆಸ್ಟ್ರಿ, ಹಿರಿಯರ ಮಂಡಳಿ ಎಂದೆಲ್ಲ ಹೆಸರಿದೆ. ಈ ಬರಹದಲ್ಲಿ ಎಲ್ಲವೂ ಮಂಡಳಿಯೇ.

## ಮೊದಲು ಮೇಜಿನ ಮೇಲೆ ಇರಬೇಕಾದ ಕಾಗದಗಳು

ಪಂಗಡದ ನಿಯಮಾವಳಿ ಮತ್ತು ನಿಮ್ಮ ಚರ್ಚಿನ ಸ್ವಂತ ಬೈಲಾ, ಎರಡೂ ಇತ್ತೀಚಿನ ತಿದ್ದುಪಡಿ ಸಮೇತ. ಸದಸ್ಯರ ದಾಖಲೆ ಪುಸ್ತಕ. ಜಮೀನು ಮತ್ತು ಕಟ್ಟಡದ ಪತ್ರಗಳು. ಎಲ್ಲ ಬ್ಯಾಂಕ್ ಖಾತೆಗಳ ಪಟ್ಟಿ, ಪ್ರತಿ ಖಾತೆಗೆ ಈಗ ಯಾರ ಸಹಿ ಇದೆ ಎಂಬ ವಿವರದೊಂದಿಗೆ. ಕಳೆದ ಮೂರು ವರ್ಷಗಳ ಲೆಕ್ಕಪತ್ರ. ಸಂಬಳ, ಬಾಡಿಗೆ, ವಿಮೆಯ ಒಪ್ಪಂದಗಳು. ಹಳೆಯ ನಡಾವಳಿ ಪುಸ್ತಕಗಳು.

ಎಲ್ಲವೂ ಒಂದೇ ವಾರದಲ್ಲಿ ಸಿಗುವುದಿಲ್ಲ. ಹಳೆಯ ನಡಾವಳಿ ಕಳೆದುಹೋಗಿದ್ದರೂ ಮುಂದೆ ಹೋಗಬಹುದು. ಆಸ್ತಿಪತ್ರ ಮತ್ತು ಬ್ಯಾಂಕ್ ಸಹಿದಾರರ ವಿವರ ಸಿಗದಿದ್ದರೆ ಮಾತ್ರ ಹೋಗಬೇಡಿ. "ಅದು ಅವರ ಮನೆಯ ಬೀರುವಿನಲ್ಲಿ ಇದೆ, ಕೇಳಿದರೆ ಕೊಡುತ್ತಾರೆ" ಎಂಬ ಉತ್ತರ ಬಂದರೆ ಅದನ್ನು ಸಮಾಧಾನವೆಂದು ತಿಳಿಯದೆ ಎಚ್ಚರಿಕೆಯ ಗಂಟೆ ಎಂದು ತಿಳಿಯಿರಿ. ಮೊದಲು ಆ ಪತ್ರಗಳು ಚರ್ಚಿನ ಕಚೇರಿಗೆ ಬರಲಿ.

ಸದಸ್ಯರ ಪುಸ್ತಕವನ್ನು ಈಗಲೇ ಶುದ್ಧ ಮಾಡಬೇಕು. ತೀರಿಕೊಂಡವರು, ಬೇರೆ ಕಡೆ ನೆಲೆಸಿದವರು, ಬೇರೆ ಚರ್ಚಿಗೆ ಸೇರಿದವರ ಹೆಸರುಗಳು ಅದರಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತವೆ. ಪುಸ್ತಕದಲ್ಲಿ 400 ಹೆಸರಿದ್ದು, ಸಾಮಾನ್ಯ ಸಭೆಯ ಕೋರಂ ಮೂರನೇ ಒಂದು ಭಾಗ ಎಂದಿದ್ದರೆ 134 ಜನ ಹಾಜರಿರಬೇಕು. ನಿಜವಾಗಿ ಆರಾಧನೆಗೆ ಬರುವವರೇ 150 ಆದರೆ ಮಳೆ ಬಂದ ಒಂದು ಭಾನುವಾರ ಸಾಕು, ನಿಮ್ಮ ಚುನಾವಣೆ ಅಸಿಂಧು. ಹೆಸರು ತೆಗೆಯುವ ಕೆಲಸವನ್ನು ಮಾತ್ರ ಬೈಲಾ ಹೇಳಿದ ವಿಧಾನದಲ್ಲೇ, ನೋಟಿಸ್ ಕೊಟ್ಟೇ ಮಾಡಿ. ಚುನಾವಣೆಗೆ ಎರಡು ವಾರ ಇರುವಾಗ ಹೆಸರು ಕಿತ್ತರೆ ಶುದ್ಧೀಕರಣವೂ ಸಂಚಿನಂತೆ ಕಾಣುತ್ತದೆ.

## ಹಂತ 1: ನಿಮ್ಮ ಮಂಡಳಿಗಿರುವುದು ತೀರ್ಮಾನದ ಹಕ್ಕೋ, ಸಲಹೆಯ ಹಕ್ಕೋ?

ಹೆಚ್ಚಿನ ಜಗಳಗಳ ಬೇರು ಇಲ್ಲಿದೆ. ಒಂದು ಪಂಗಡದಲ್ಲಿ ಬೆಳೆದವರು ಇನ್ನೊಂದರ ಚರ್ಚಿಗೆ ಬಂದಾಗ ತಮ್ಮ ಹಳೆಯ ಮಂಡಳಿಯ ಅಧಿಕಾರವನ್ನೇ ಇಲ್ಲಿಯೂ ನಿರೀಕ್ಷಿಸುತ್ತಾರೆ.

ಕ್ಯಾಥೋಲಿಕ್ ಧರ್ಮಸಭೆಯಲ್ಲಿ 1983ರ ಕಾನೂನು ಸಂಹಿತೆಯ ಕ್ಯಾನನ್ (ನಿಯಮ) 536 ಧರ್ಮಕೇಂದ್ರದ (ಪ್ಯಾರಿಷ್, ಅಂದರೆ ಸ್ಥಳೀಯ ಚರ್ಚ್ ಘಟಕದ) ಪಾಲನಾ ಪರಿಷತ್ತಿಗೆ ಸಲಹಾ ಮತವನ್ನಷ್ಟೇ ಕೊಡುತ್ತದೆ. ಅಧ್ಯಕ್ಷತೆ ಧರ್ಮಕೇಂದ್ರದ ಗುರುಗಳದ್ದು. ಪರಿಷತ್ತು ಬೇಕೋ ಬೇಡವೋ ಎಂಬುದನ್ನು ಬಿಷಪ್ ತೀರ್ಮಾನಿಸುತ್ತಾರೆ. ಆದರೆ ಕ್ಯಾನನ್ 537ರ ಪ್ರಕಾರ ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. ಪಾಲನಾ ಪರಿಷತ್ತು ಚೆನ್ನಾಗಿ ನಡೆಯುತ್ತಿದೆ, ಹಣಕಾಸು ಸಮಿತಿ ಬೇಕಿಲ್ಲ ಎಂದುಕೊಂಡಿರುವವರು ಕಡ್ಡಾಯವಾದದ್ದನ್ನು ಬಿಟ್ಟು ಐಚ್ಛಿಕವಾದದ್ದನ್ನು ಹಿಡಿದುಕೊಂಡಿದ್ದಾರೆ.

ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಚಿತ್ರವೇ ಬೇರೆ. ಸದಸ್ಯರು ಆರಿಸಿದ ಹಿರಿಯರು ಮತ್ತು ಸಭಾಪಾಲಕರು ಸೇರಿದ ಸೆಷನ್ ನಿಜವಾದ ಆಡಳಿತ ಮಂಡಳಿ. ಸಭೆ ನಡೆಸುವವರು ಸಭಾಪಾಲಕರೇ ಆದರೂ ತೀರ್ಮಾನ ಸೆಷನ್ನಿನದು. ಅದರ ಮೇಲೆ ಪ್ರೆಸ್ಬಿಟರಿಯ, ಅಂದರೆ ಆ ಪ್ರದೇಶದ ಚರ್ಚುಗಳ ಮೇಲ್ಮಂಡಳಿಯ, ಮೇಲ್ವಿಚಾರಣೆ ಇರುತ್ತದೆ.

ಆಂಗ್ಲಿಕನ್ ಪರಂಪರೆ ಇವೆರಡರ ನಡುವೆ ನಿಲ್ಲುತ್ತದೆ. ಇಂಗ್ಲೆಂಡಿನ ಚರ್ಚಿನಲ್ಲಿ ಪ್ಯಾರಿಷ್ ಕೌನ್ಸಿಲ್ ಮತ್ತು ಇಬ್ಬರು ಚರ್ಚ್ ವಾರ್ಡನ್‌ಗಳು ಪಾದ್ರಿಯೊಡನೆ ಹೊಣೆ ಹಂಚಿಕೊಳ್ಳುತ್ತಾರೆ. ಅಮೆರಿಕದ ಎಪಿಸ್ಕೋಪಲ್ ಚರ್ಚಿನಲ್ಲಿ ವೆಸ್ಟ್ರಿ ಪ್ಯಾರಿಷ್‌ನ ಆಸ್ತಿ ವಿಷಯದಲ್ಲಿ ಕಾನೂನುಬದ್ಧ ಪ್ರತಿನಿಧಿ, ಆರಾಧನೆಯ ವಿಷಯ ಪಾದ್ರಿಯ ವ್ಯಾಪ್ತಿಗೆ ಸೇರಿದ್ದು. ಬ್ಯಾಪ್ಟಿಸ್ಟ್ ಮತ್ತು ಇತರ ಸ್ವತಂತ್ರ ಚರ್ಚುಗಳಲ್ಲಿ ಕೊನೆಯ ಮಾತು ಸದಸ್ಯರ ಸಾಮಾನ್ಯ ಸಭೆಯದ್ದು. ಅಲ್ಲಿ ಸಭಾಸೇವಕರ (ಡೀಕನ್ನರ) ಮಂಡಳಿ ಎಷ್ಟು ಬಲವಾಗಿ ಕಂಡರೂ ಅದು ಸದಸ್ಯರು ಕೊಟ್ಟ ಅಧಿಕಾರ.

ನಿಮ್ಮ ಬೈಲಾ ತೆರೆದು ಮಂಡಳಿಯ ಬಗ್ಗೆ ಬಂದ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. "ಸಲಹೆ ನೀಡುತ್ತದೆ", "ಶಿಫಾರಸು ಮಾಡುತ್ತದೆ", "ಅನುಮೋದಿಸುತ್ತದೆ", "ತೀರ್ಮಾನಿಸುತ್ತದೆ" ಒಂದೇ ಅಲ್ಲ. ಬೈಲಾದಲ್ಲಿ ಒಂದು, ಪಂಗಡದ ನಿಯಮದಲ್ಲಿ ಇನ್ನೊಂದು ಇದ್ದರೆ ಮೇಲಿನ ನಿಯಮ ನಡೆಯುತ್ತದೆ ಎಂದೇ ಹಿಡಿದು, ಬೈಲಾ ತಿದ್ದುಪಡಿಯನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ.

## ಹಂತ 2: ಅಧಿಕಾರದ ಪಟ್ಟಿ ಬರೆಯಿರಿ

ಒಂದು ದೊಡ್ಡ ಹಾಳೆ, ನಾಲ್ಕು ಅಂಕಣ: ಸಭಾಪಾಲಕರು ಒಬ್ಬರೇ ತೀರ್ಮಾನಿಸುವುದು, ಮಂಡಳಿ ತೀರ್ಮಾನಿಸುವುದು, ಸದಸ್ಯರ ಸಾಮಾನ್ಯ ಸಭೆ ತೀರ್ಮಾನಿಸುವುದು, ಪಂಗಡದ ಮೇಲಧಿಕಾರಿಗಳ ಒಪ್ಪಿಗೆ ಬೇಕಾದದ್ದು. ನಂತರ ಕಳೆದ ಎರಡು ವರ್ಷಗಳಲ್ಲಿ ನಿಮ್ಮ ಚರ್ಚಿನಲ್ಲಿ ನಿಜವಾಗಿ ಎದ್ದ ಪ್ರಶ್ನೆಗಳನ್ನು ಒಂದೊಂದಾಗಿ ಈ ಅಂಕಣಗಳಿಗೆ ಹಾಕಿ. ಊಹೆಯ ಪ್ರಶ್ನೆಗಳು ಬೇಡ, ನಡೆದವೇ ಸಾಕಷ್ಟು ಇರುತ್ತವೆ.

ಆರಾಧನೆಯ ಸಮಯ ಬದಲಿಸುವವರು ಯಾರು? ಹೊರಗಿನ ಪ್ರಸಂಗಿಯನ್ನು ಕರೆಯುವವರು ಯಾರು? ಚರ್ಚ್ ಸಭಾಂಗಣವನ್ನು ಸದಸ್ಯರಲ್ಲದವರ ಮದುವೆಗೆ ಕೊಡುವುದು ಯಾರ ಮಾತಿನ ಮೇಲೆ? ಸಂಗೀತ ವಾದ್ಯ ಕೊಳ್ಳುವುದು, ಕಾವಲುಗಾರನನ್ನು ನೇಮಿಸುವುದು, ತೆಗೆದುಹಾಕುವುದು, ಸಭಾಪಾಲಕರ ಮನೆಯ ದುರಸ್ತಿ, ಬಡವರಿಗೆ ತುರ್ತು ಸಹಾಯ? ಕೊನೆಯದು ಸಣ್ಣದಾಗಿ ಕಾಣುತ್ತದೆ, ಆದರೆ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಿಂದ ಫೋನ್ ಬಂದಾಗ ಮಂಡಳಿಯ ಸಭೆ ಕರೆಯಲಾಗುವುದಿಲ್ಲ. ಸಭಾಪಾಲಕರು ತಾವೇ ಕೊಡಬಹುದಾದ ಒಂದು ಮಿತಿಯನ್ನು ನಿಗದಿ ಮಾಡಿ, ಮುಂದಿನ ಸಭೆಗೆ ವರದಿ ಬರಲಿ.

ಎಲ್ಲ ಖರ್ಚಿಗೂ ಹೀಗೇ ಮಿತಿಗಳಿರಬೇಕು. ಮೊತ್ತ ನಿಮ್ಮ ವಾರ್ಷಿಕ ಆದಾಯಕ್ಕೆ ತಕ್ಕಂತೆ ಇರಲಿ. ಮೂರು ಮೆಟ್ಟಿಲು ಸಾಕು: ಖಜಾಂಚಿ ಮತ್ತು ಕಾರ್ಯದರ್ಶಿ ಸೇರಿ ಮಾಡಬಹುದಾದದ್ದು, ಮಂಡಳಿಯ ಒಪ್ಪಿಗೆ ಬೇಕಾದದ್ದು, ಸಾಮಾನ್ಯ ಸಭೆಗೆ ಹೋಗಬೇಕಾದದ್ದು. ಒಂದೇ ಕೆಲಸವನ್ನು ಮೂರು ಬಿಲ್ಲುಗಳಾಗಿ ಒಡೆದು ಕೆಳಗಿನ ಮಿತಿಯೊಳಗೆ ತರುವಂತಿಲ್ಲ ಎಂದೂ ಬರೆದುಬಿಡಿ. ಬರೆಯದಿದ್ದರೆ ಒಡೆಯುತ್ತಾರೆ.

ನಾಲ್ಕನೇ ಅಂಕಣ ಖಾಲಿ ಬಿದ್ದರೆ ನೀವು ನಿಯಮ ಓದಿಲ್ಲ ಎಂದರ್ಥ. ಸ್ವತಂತ್ರ ಚರ್ಚುಗಳನ್ನು ಬಿಟ್ಟರೆ ಜಮೀನು ಮಾರಾಟ, ಅಡಮಾನ, ದೊಡ್ಡ ಸಾಲ ಮುಂತಾದವು ಸಾಮಾನ್ಯವಾಗಿ ಸ್ಥಳೀಯ ಮಂಡಳಿಯೊಂದರಿಂದಲೇ ಆಗುವುದಿಲ್ಲ. ಕ್ಯಾಥೋಲಿಕ್ ಕಾನೂನಿನ ಕ್ಯಾನನ್ 1281ರಂತೆ ದೈನಂದಿನ ಆಡಳಿತದ ಮಿತಿ ಮೀರಿದ ವ್ಯವಹಾರವನ್ನು ಲಿಖಿತ ಅನುಮತಿಯಿಲ್ಲದೆ ಮಾಡಿದರೆ ಅದು ಅಸಿಂಧು. ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ (ಪಿಸಿಯುಎಸ್ಎ) ಸ್ಥಿರಾಸ್ತಿ ಮಾರಲು ಸದಸ್ಯರ ಸಭೆಯೂ ಬೇಕು, ಪ್ರೆಸ್ಬಿಟರಿಯ ಒಪ್ಪಿಗೆಯೂ ಬೇಕು. ಮಂಡಳಿ ಒಮ್ಮತದಿಂದ ಠರಾವು ಮಾಡಿದರೂ ಅದು ಊರ್ಜಿತವಾಗುವುದಿಲ್ಲ.

ಪಟ್ಟಿ ಮುಗಿದ ಮೇಲೆ ಸಭಾಪಾಲಕರು ಮತ್ತು ಈಗಿನ ಮಂಡಳಿ ಇಬ್ಬರೂ ಸಹಿ ಮಾಡಲಿ, ಸಾಮಾನ್ಯ ಸಭೆಯಲ್ಲಿ ಓದಲಿ. ಈ ಹಂತಕ್ಕೆ ಎರಡು ತಿಂಗಳು ಹಿಡಿದರೂ ಅವಸರ ಮಾಡಬೇಡಿ.

## ಹಂತ 3: ಎಷ್ಟು ಜನ, ಎಷ್ಟು ವರ್ಷ

ಸಣ್ಣ ಚರ್ಚಿಗೆ ಐದರಿಂದ ಏಳು, ಮಧ್ಯಮ ಗಾತ್ರದ ಚರ್ಚಿಗೆ ಒಂಬತ್ತರಿಂದ ಹನ್ನೆರಡು. ಇದಕ್ಕಿಂತ ಹೆಚ್ಚಾದರೆ ಮಾತನಾಡುವವರು ನಾಲ್ವರು, ಉಳಿದವರು ಪ್ರೇಕ್ಷಕರು. ಪ್ರತಿ ಕುಟುಂಬಕ್ಕೂ ಪ್ರತಿ ಗುಂಪಿಗೂ ಒಂದು ಸ್ಥಾನ ಕೊಡುತ್ತಾ ಹೋಗಿ ಮಂಡಳಿಯನ್ನು ಇಪ್ಪತ್ತೈದಕ್ಕೆ ಏರಿಸುವುದು ಸಾಮಾನ್ಯ ತಪ್ಪು. ಪ್ರಾತಿನಿಧ್ಯ ಬೇಕೆನಿಸಿದರೆ ಉಪಸಮಿತಿಗಳಲ್ಲಿ ಕೊಡಿ.

ಅವಧಿಯ ಬಗ್ಗೆ ಒಂದೇ ಮಾತು: ಎಲ್ಲರೂ ಒಂದೇ ದಿನ ಬಂದು ಒಂದೇ ದಿನ ಹೋಗಬಾರದು. ಮೂರು ವರ್ಷದ ಅವಧಿ, ಮೂರು ತಂಡ, ಪ್ರತಿ ವರ್ಷ ಮೂರನೇ ಒಂದು ಭಾಗ ಬದಲಾವಣೆ. ಪಿಸಿಯುಎಸ್ಎ ಹಿರಿಯರಿಗೂ ಯುನೈಟೆಡ್ ಮೆಥಡಿಸ್ಟ್ ಟ್ರಸ್ಟಿಗಳಿಗೂ ರೂಢಿಯಲ್ಲಿರುವುದು ಇದೇ. ಒಂಬತ್ತು ಜನರ ಹೊಸ ಮಂಡಳಿಯಾದರೆ ಮೊದಲ ಸಲ ಮೂವರನ್ನು ಒಂದು ವರ್ಷಕ್ಕೆ, ಮೂವರನ್ನು ಎರಡು ವರ್ಷಕ್ಕೆ, ಮೂವರನ್ನು ಮೂರು ವರ್ಷಕ್ಕೆ ಇಡಿ. ಯಾರು ಯಾವುದಕ್ಕೆ ಎಂಬುದನ್ನು ಆಯ್ಕೆಯಾದ ನಂತರ ಚೀಟಿ ಎತ್ತಿ ನಿರ್ಧರಿಸಿ. ಪಡೆದ ಮತಗಳ ಮೇಲೆ ಅವಧಿ ಹಂಚಲು ಹೋದರೆ ಮೊದಲ ದಿನವೇ ಒಳಗೊಂದು ಶ್ರೇಣಿ ಹುಟ್ಟುತ್ತದೆ. ಎರಡನೇ ವರ್ಷದಿಂದ ಎಲ್ಲ ಹೊಸಬರಿಗೂ ಪೂರ್ತಿ ಮೂರು ವರ್ಷ.

ಸತತ ಸೇವೆಗೆ ಮಿತಿ ಬೇಕು. ಪಿಸಿಯುಎಸ್ಎ ಹಿರಿಯರಿಗೆ ಸತತ ಆರು ವರ್ಷಗಳ ಗಡಿ ಇಟ್ಟಿದೆ, ಅದು ಸಮಂಜಸ. ಗಡಿ ಮುಟ್ಟಿದವರು ಕನಿಷ್ಠ ಒಂದು ವರ್ಷ ಹೊರಗಿರಲಿ. "ಅವರಿಲ್ಲದೆ ನಡೆಯುವುದಿಲ್ಲ" ಎಂಬ ಮಾತು ಕೇಳಿಬಂದರೆ ಆ ವ್ಯಕ್ತಿಗೆ ವಿಶ್ರಾಂತಿ ಕೊಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ರಕ್ತಸಂಬಂಧದ ನಿಯಮವನ್ನು ಹೆಸರುಗಳು ಬರುವ ಮೊದಲೇ ಬರೆಯಬೇಕು, ಏಕೆಂದರೆ ಆಮೇಲೆ ಬರೆದರೆ ಅದು ಯಾರನ್ನೋ ಗುರಿಯಿಟ್ಟಂತಾಗುತ್ತದೆ. ಕ್ಯಾನನ್ 492 ರಕ್ತದಿಂದಲೋ ಮದುವೆಯಿಂದಲೋ ಬಿಷಪರಿಗೆ ನಾಲ್ಕನೇ ಮಟ್ಟದವರೆಗೆ ಸಂಬಂಧವಿರುವವರನ್ನು ಧರ್ಮಪ್ರಾಂತ್ಯದ (ಬಿಷಪರ ಆಡಳಿತ ಪ್ರದೇಶದ) ಹಣಕಾಸು ಸಮಿತಿಯಿಂದ ಹೊರಗಿಡುತ್ತದೆ. ಸ್ಥಳೀಯ ಮಂಡಳಿಯಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಗಂಡ-ಹೆಂಡತಿ, ತಂದೆ-ತಾಯಿ-ಮಕ್ಕಳು, ಅಣ್ಣತಮ್ಮಂದಿರು ಒಟ್ಟಿಗೆ ಇರಬಾರದು, ಸಭಾಪಾಲಕರ ಹತ್ತಿರದ ಬಂಧುಗಳು ಮತ್ತು ಚರ್ಚಿನಿಂದ ಸಂಬಳ ಪಡೆಯುವವರು ಮತದ ಹಕ್ಕಿನೊಂದಿಗೆ ಕೂರಬಾರದು, ಇಷ್ಟು ಸಾಕು.

## ಹಂತ 4: ಆಯ್ಕೆ

ಈಗ ಹೆಸರುಗಳು. ಚುನಾವಣೆಯ ದಿನದಿಂದ ಹಿಂದಕ್ಕೆ ಎಣಿಸಿ ಎಂಟು ವಾರ ಇಟ್ಟುಕೊಳ್ಳಿ. ಮೊದಲ ವಾರ ಅರ್ಹತೆಯ ಪ್ರಕಟಣೆ, ಮೂರು ವಾರ ಹೆಸರು ಸೂಚಿಸಲು, ಎರಡು ವಾರ ಸೂಚಿತರ ಜೊತೆ ಮಾತನಾಡಲು, ಕೊನೆಯ ಎರಡು ವಾರ ಅಂತಿಮ ಪಟ್ಟಿ ಸೂಚನಾ ಫಲಕದಲ್ಲಿ ಇರಲಿ. ಪಂಗಡದ ನಿಯಮ ಬೇರೆ ಅವಧಿ ಹೇಳಿದರೆ ಅದೇ ನಡೆಯಬೇಕು.

ಅರ್ಹತೆಗೆ ಹೊಸದೇನೂ ಹುಡುಕಬೇಕಿಲ್ಲ. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯ ಮತ್ತು ತೀತನಿಗೆ ಬರೆದ ಪತ್ರದ 1ನೇ ಅಧ್ಯಾಯ ಪಟ್ಟಿಯನ್ನೇ ಕೊಡುತ್ತವೆ: ಜಗಳವಾಡದವರು, ಹಣದಾಸೆ ಇಲ್ಲದವರು, ಮನೆಯನ್ನು ಚೆನ್ನಾಗಿ ನಡೆಸುವವರು, ಹೊಸದಾಗಿ ನಂಬಿದವರಲ್ಲದವರು, ಹೊರಗಿನವರಿಂದಲೂ ಒಳ್ಳೆಯ ಹೆಸರು ಪಡೆದವರು. ಸಭಾಸೇವಕರನ್ನು ಮೊದಲು ಪರೀಕ್ಷಿಸಬೇಕು ಎಂಬ ಮಾತೂ ಅಲ್ಲೇ ಇದೆ. ಪರೀಕ್ಷೆ ಎಂದರೆ ಪ್ರಶ್ನೋತ್ತರವಲ್ಲ, ಒಂದು ವರ್ಷ ಉಪಸಮಿತಿಯಲ್ಲಿ ಕೆಲಸ ಮಾಡಿಸಿ ನೋಡುವುದು. ಹೇಳಿದ ಸಮಯಕ್ಕೆ ಬಂದರೇ, ಒಪ್ಪಿಕೊಂಡದ್ದನ್ನು ಮುಗಿಸಿದರೇ, ತಮ್ಮ ಮಾತು ನಡೆಯದ ದಿನ ಹೇಗೆ ವರ್ತಿಸಿದರು? ಮೂರನೆಯದೇ ಮುಖ್ಯ.

ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ದಿನದ ಉಪಚಾರದಲ್ಲಿ ಕಡೆಗಣಿಸುತ್ತಿದ್ದಾರೆ ಎಂಬ ದೂರು ಬಂದಾಗ ಏನಾಯಿತು ನೋಡಿ. ಅಪೊಸ್ತಲರು ಅರ್ಹತೆ ಹೇಳಿದರು, ಸಂಖ್ಯೆ ಹೇಳಿದರು, ಕೆಲಸ ಹೇಳಿದರು. ಏಳು ಜನರನ್ನು ಆರಿಸಿದ್ದು ಶಿಷ್ಯರ ಸಮೂಹ. ಆರಿಸಲ್ಪಟ್ಟ ಏಳೂ ಹೆಸರು ಗ್ರೀಕ್ ಹೆಸರುಗಳು. ನೊಂದವರ ಕಡೆಯ ಜನರ ಕೈಗೇ ಹಂಚಿಕೆಯ ಹೊಣೆ ಹೋಯಿತು ಎಂದು ಇದನ್ನು ಓದಬಹುದು. ನಿಮ್ಮ ಚರ್ಚಿನಲ್ಲಿ ಯಾವ ಗುಂಪು ಸದಾ ದೂರುತ್ತದೆಯೋ ಅಲ್ಲಿ ಅರ್ಹರನ್ನು ಹುಡುಕಿದ್ದೀರಾ?

ಸೂಚಿತರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಅದಕ್ಕೂ ಮೊದಲು ಹಂತ 2ರ ಪಟ್ಟಿ, ತಿಂಗಳಿಗೆ ಬೇಕಾಗುವ ಗಂಟೆಗಳು ಮತ್ತು ಕಾನೂನಿನ ಪ್ರಕಾರ ಬರುವ ವೈಯಕ್ತಿಕ ಹೊಣೆ ಇದ್ದರೆ ಅದನ್ನೂ ಅವರ ಕೈಗೆ ಕೊಡಿ. ಆರಾಧನೆ ಮುಗಿದ ಮೇಲೆ ಎಲ್ಲರೆದುರು "ನೀವೂ ನಿಲ್ಲಿ" ಎಂದು ಒತ್ತಾಯಿಸಿ ಒಪ್ಪಿಸಿದವರು ಮೂರನೇ ಸಭೆಯಿಂದ ಬರುವುದನ್ನು ನಿಲ್ಲಿಸುತ್ತಾರೆ.

ದೊಡ್ಡ ಕಾಣಿಕೆದಾರರನ್ನು ಆ ಕಾರಣಕ್ಕಾಗಿಯೇ ತರುವುದು, ಗದ್ದಲ ಮಾಡುವವರನ್ನು ಬಾಯಿ ಮುಚ್ಚಿಸಲು ಒಳಗೆ ಸೇರಿಸುವುದು, ವೃತ್ತಿಯಲ್ಲಿ ಅಧಿಕಾರಿ ಆಗಿರುವುದೇ ಅರ್ಹತೆ ಎಂದುಕೊಳ್ಳುವುದು, ಈ ಮೂರೂ ತಪ್ಪುಗಳನ್ನು ಚರ್ಚುಗಳು ಮತ್ತೆ ಮತ್ತೆ ಮಾಡುತ್ತವೆ. ಎರಡನೆಯದು ಅತಿ ದುಬಾರಿ. ಗದ್ದಲಕ್ಕೆ ಅಧಿಕೃತ ಕುರ್ಚಿ ಸಿಕ್ಕಂತಾಗುತ್ತದೆ ಅಷ್ಟೇ.

ಮತದಾನ ಗುಪ್ತ ಚೀಟಿಯಲ್ಲೇ ಆಗಲಿ. ಎಣಿಸುವವರು ಅಭ್ಯರ್ಥಿಗಳೂ ಅವರ ಮನೆಯವರೂ ಆಗಿರಬಾರದು.

## ಹಂತ 5: ಹುದ್ದೆಗಳು

ಅಧ್ಯಕ್ಷರು ಸಭಾಪಾಲಕರೇ ಆಗಬೇಕೆಂದು ನಿಮ್ಮ ನಿಯಮ ಹೇಳಿದರೆ ಚರ್ಚೆ ಬೇಡ. ಆದರೆ ಅವರ ಸಂಬಳ, ರಜೆ, ಅವರ ಮೇಲಿನ ದೂರು ಚರ್ಚೆಗೆ ಬಂದಾಗ ಸಭೆ ನಡೆಸಲು ಒಬ್ಬ ಉಪಾಧ್ಯಕ್ಷರು ವಿಶ್ವಾಸಿಗಳಿಂದಲೇ (ಪಾದ್ರಿಯಲ್ಲದ ಸದಸ್ಯರಿಂದ) ಇರಬೇಕು. ನಿಯಮ ಮುಕ್ತವಾಗಿದ್ದರೆ ವಿಶ್ವಾಸಿಯೊಬ್ಬರು ಅಧ್ಯಕ್ಷರಾಗುವುದು ನನ್ನ ಮಟ್ಟಿಗೆ ಉತ್ತಮ. ಸಭಾಪಾಲಕರು ಆಗ ವಾದಿಸಬಹುದು, ಸುಮ್ಮನಿರಬಹುದು, ಕೇಳಬಹುದು. ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಇದು ಕಷ್ಟ.

ಕಾರ್ಯದರ್ಶಿಯನ್ನು ಅಕ್ಷರ ಚೆನ್ನಾಗಿದೆ ಎಂದು ಆರಿಸಬೇಡಿ. ಕೇಳಿದ್ದನ್ನು ಬಣ್ಣ ಹಚ್ಚದೆ ಬರೆಯುವವರು ಬೇಕು. ಖಜಾಂಚಿ ವಾರಕ್ಕೊಮ್ಮೆ ಕೂತು ಲೆಕ್ಕ ಬರೆಯಬಲ್ಲವರಾಗಿರಬೇಕು. ಹೆಸರಾಂತ ಆದರೆ ಪುರುಸೊತ್ತಿಲ್ಲದ ಲೆಕ್ಕಪರಿಶೋಧಕರಿಗಿಂತ ಸಮಯವಿರುವ ನಿವೃತ್ತ ಗುಮಾಸ್ತರು ಮೇಲು.

ಉಪಸಮಿತಿಗಳು ಮೂರೋ ನಾಲ್ಕೋ ಸಾಕು: ಹಣಕಾಸು, ಕಟ್ಟಡ, ಸಿಬ್ಬಂದಿ, ಸಹಾಯ ಮತ್ತು ಭೇಟಿ. ಪ್ರತಿಯೊಂದಕ್ಕೂ ಮಂಡಳಿಯ ಒಬ್ಬರು ಸಂಚಾಲಕರು, ಉಳಿದವರು ಮಂಡಳಿಯ ಹೊರಗಿನ ಚರ್ಚ್ ಸದಸ್ಯರು. ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದು (ವಿಮೋಚನಕಾಂಡ 18) ಇದನ್ನೇ: ಸಣ್ಣ ವ್ಯಾಜ್ಯ ಕೆಳಗೇ ತೀರಲಿ, ದೊಡ್ಡದು ಮಾತ್ರ ಮೇಲೆ ಬರಲಿ. ಉಪಸಮಿತಿ ತೀರ್ಮಾನಿಸಿದ್ದನ್ನು ಮಂಡಳಿ ಮತ್ತೆ ಮೊದಲಿನಿಂದ ಚರ್ಚಿಸಿದರೆ ಮುಂದಿನ ತಿಂಗಳು ಉಪಸಮಿತಿಗೆ ಯಾರೂ ಬರುವುದಿಲ್ಲ.

## ಹಂತ 6: ಹಣ

ಇಲ್ಲಿ ನಂಬಿಕೆಯ ಮಾತು ತರಬೇಡಿ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಪೌಲನೇ ದೊಡ್ಡ ಕಾಣಿಕೆಯನ್ನು ಒಯ್ಯುವಾಗ ಚರ್ಚುಗಳು ನೇಮಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಳ್ಳುತ್ತಾನೆ. ತಪ್ಪು ಹೊರಿಸಲು ಆಸ್ಪದ ಇರಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬುದು ಅವನು ಕೊಟ್ಟ ಕಾರಣ. "ನಮ್ಮವರನ್ನು ನಾವೇ ಅನುಮಾನಿಸುವುದೇ?" ಎಂದು ಯಾರಾದರೂ ಕೇಳಿದರೆ ಈ ಅಧ್ಯಾಯ ಓದಿಸಿ.

ಕಾಣಿಕೆ ಎಣಿಸುವುದು ಯಾವಾಗಲೂ ಇಬ್ಬರು, ಒಂದೇ ಮನೆಯವರಲ್ಲದ ಇಬ್ಬರು. ಆರಾಧನೆ ಮುಗಿದ ಅದೇ ದಿನ, ಚರ್ಚಿನ ಆವರಣದಲ್ಲೇ. ಯಾರ ಮನೆಗೂ ಚೀಲ ಹೋಗಬಾರದು. ಎಣಿಕೆ ಹಾಳೆಗೆ ಇಬ್ಬರ ಸಹಿ, ಒಂದು ಪ್ರತಿ ಖಜಾಂಚಿಗೆ, ಒಂದು ಕಾರ್ಯದರ್ಶಿಗೆ. ಮೊತ್ತ ಪೂರ್ತಿಯಾಗಿ ಬ್ಯಾಂಕಿಗೆ ಹೋಗಬೇಕು. ಚೀಲದಿಂದಲೇ ಹೂವಿನ ಖರ್ಚು, ಪ್ರಯಾಣದ ಖರ್ಚು ತೆಗೆದು ಉಳಿದದ್ದನ್ನು ಜಮಾ ಮಾಡುವ ರೂಢಿ ಇದ್ದರೆ ಇಂದೇ ನಿಲ್ಲಿಸಿ. ಎಣಿಸುವವರು ಖಜಾಂಚಿ ಆಗಿರಬಾರದು, ತಿಂಗಳ ಬ್ಯಾಂಕ್ ವಿವರವನ್ನು ಪುಸ್ತಕದೊಂದಿಗೆ ತಾಳೆ ನೋಡುವವರು ಇಬ್ಬರಿಗೂ ಹೊರತಾದ ಮೂರನೆಯವರಾಗಿರಬೇಕು.

ಮೊಬೈಲ್ ಮೂಲಕ ಬರುವ ಕಾಣಿಕೆ ಈಗ ಹೆಚ್ಚು ತೊಂದರೆ ಕೊಡುವ ಜಾಗ. ಗೋಡೆಗೆ ಅಂಟಿಸಿದ ಕ್ಯೂಆರ್ ಸಂಕೇತ ಯಾರ ಖಾತೆಗೆ ಹೋಗುತ್ತದೆ ಎಂದು ಒಮ್ಮೆ ಸಣ್ಣ ಮೊತ್ತ ಕಳಿಸಿ ನೋಡಿ. ಅದು ಒಬ್ಬ ವ್ಯಕ್ತಿಯ ಖಾತೆಯಾಗಿದ್ದರೆ, ಆ ವ್ಯಕ್ತಿ ಎಷ್ಟೇ ಪ್ರಾಮಾಣಿಕರಾಗಿದ್ದರೂ, ಅದನ್ನು ತೆಗೆದು ಚರ್ಚಿನ ಹೆಸರಿನ ಖಾತೆಯದನ್ನು ಹಾಕಿ.

ಒಂದು ಉದ್ದೇಶಕ್ಕೆ ಕೊಟ್ಟ ಹಣಕ್ಕೆ ಬೇರೆ ಅಂಕಣ ಇರಲಿ. ಕಟ್ಟಡ ನಿಧಿಯಿಂದ ಸಂಬಳಕ್ಕೆ "ತಾತ್ಕಾಲಿಕವಾಗಿ" ತೆಗೆದ ಹಣ ಹಿಂದಿರುಗುವುದು ಅಪರೂಪ. ತೆಗೆಯಲೇಬೇಕಾದ ಪರಿಸ್ಥಿತಿ ಬಂದರೆ ನಿಯಮ ಮತ್ತು ಕಾನೂನು ಅದಕ್ಕೆ ಅವಕಾಶ ಕೊಡುತ್ತವೆಯೇ ಎಂದು ಮೊದಲು ನೋಡಿ, ಕೊಡುವುದಾದರೆ ಠರಾವಿನಲ್ಲಿ ಮೊತ್ತ, ಮರಳಿಸುವ ದಿನಾಂಕ ಎರಡನ್ನೂ ಬರೆಯಿರಿ. ಚೆಕ್ಕಿಗೆ ಇಬ್ಬರ ಸಹಿ ಬೇಕು. ಒಬ್ಬರು ಊರಿಗೆ ಹೋಗುವ ಮುನ್ನ ಹತ್ತು ಖಾಲಿ ಚೆಕ್ಕುಗಳಿಗೆ ಸಹಿ ಮಾಡಿಟ್ಟರೆ ಎರಡು ಸಹಿಯ ನಿಯಮ ಇದ್ದೂ ಇಲ್ಲದಂತೆ.

## ಹಂತ 7: ಸಭೆ ಮತ್ತು ನಡಾವಳಿ

ತಿಂಗಳಿಗೊಂದು ಸಭೆ, ನಿಶ್ಚಿತ ವಾರ, ಎರಡು ಗಂಟೆ. ಕಾರ್ಯಸೂಚಿ ಮತ್ತು ಲೆಕ್ಕದ ವರದಿ ಒಂದು ವಾರ ಮುಂಚೆ ಎಲ್ಲರಿಗೂ ತಲುಪಲಿ. ಕಷ್ಟದ ವಿಷಯವನ್ನು ಮೊದಲ ಅರ್ಧ ಗಂಟೆಯಲ್ಲಿ ಇಡಿ. "ಅಧ್ಯಕ್ಷರ ಅನುಮತಿಯಿಂದ ಇತರ ವಿಷಯಗಳು" ಎಂಬ ಕೊನೆಯ ಸಾಲಿನಲ್ಲಿ ಹಣದ ಅಥವಾ ನೇಮಕಾತಿಯ ತೀರ್ಮಾನ ಆಗಬಾರದು. ಅರ್ಧ ಜನ ಎದ್ದು ಹೋದ ಮೇಲೆ ದೊಡ್ಡ ಠರಾವು ಪಾಸಾಗುವುದು ಆ ಸಾಲಿನಲ್ಲೇ.

ಕೋರಂ ಇಲ್ಲದಿದ್ದರೆ ಪ್ರಾರ್ಥನೆ ಮಾಡಿ ಮನೆಗೆ ಹೋಗಿ. ಇದ್ದವರೇ ತೀರ್ಮಾನಿಸಿ ಮುಂದಿನ ಸಭೆಯಲ್ಲಿ ಒಪ್ಪಿಸಿಕೊಳ್ಳುವ ಚಾಳಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ಮತ ಹಾಕುವ ಮೊದಲು ಕಾರ್ಯದರ್ಶಿ ಠರಾವಿನ ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ಇದೊಂದು ಅಭ್ಯಾಸ ಮಂಡಳಿಗಳ ಅರ್ಧ ವಿವಾದಗಳನ್ನು ಹುಟ್ಟುವ ಮೊದಲೇ ಕೊಲ್ಲುತ್ತದೆ. ನಡಾವಳಿಯಲ್ಲಿ ಹಾಜರಿದ್ದವರು, ಠರಾವು, ಫಲಿತಾಂಶ, ಯಾರು ಮಾಡಬೇಕು, ಯಾವ ದಿನಾಂಕದೊಳಗೆ, ಇಷ್ಟಿದ್ದರೆ ಸಾಕು. ಯಾರು ಏನೆಂದರು ಎಂಬುದನ್ನೆಲ್ಲ ಸಂಭಾಷಣೆಯಂತೆ ಬರೆದಿಟ್ಟರೆ ಅದು ಮುಂದೆ ಜಗಳಕ್ಕೆ ಸಾಕ್ಷ್ಯವಾಗುತ್ತದೆಯೇ ಹೊರತು ದಾಖಲೆಯಾಗುವುದಿಲ್ಲ. ಮುಂದಿನ ಸಭೆಯಲ್ಲಿ ಓದಿ, ತಿದ್ದಿ, ಸಹಿ ಹಾಕಿಸಿ. ಪುಟಗಳಿಗೆ ಸಂಖ್ಯೆ ಹಾಕಿದ ಹೊಲಿದ ಪುಸ್ತಕ ಒಳ್ಳೆಯದು, ಬಿಡಿ ಹಾಳೆಗಳು ಮಾಯವಾಗುತ್ತವೆ.

ವಾಟ್ಸ್ಆ್ಯಪ್ ಗುಂಪನ್ನು ಸಭೆಯ ಸೂಚನೆ ಕೊಡಲು ಬಳಸಿ. ಅಲ್ಲಿ ಒಬ್ಬರು ಪ್ರಸ್ತಾಪ ಹಾಕಿ ನಾಲ್ವರು "ಆಮೆನ್" ಎಂದು ಬರೆದರೆ ಅದು ಮತದಾನವಲ್ಲ.

## ಹಂತ 8: ಹಿತಾಸಕ್ತಿ ಮತ್ತು ದೂರು

ಮಂಡಳಿಯ ಸದಸ್ಯರೊಬ್ಬರ ಅಂಗಡಿಯಿಂದ ಸಾಮಾನು ಕೊಳ್ಳುವ ವಿಷಯ ಬಂದರೆ ಅವರು ಅದನ್ನು ಮೊದಲೇ ಹೇಳಬೇಕು, ಚರ್ಚೆ ಮತ್ತು ಮತದ ವೇಳೆ ಹೊರಗೆ ಹೋಗಬೇಕು, ಹೊರಗೆ ಹೋದದ್ದು ನಡಾವಳಿಯಲ್ಲಿ ಬರಬೇಕು. ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ ಎಂಬುದು ಇದಕ್ಕೆ ವಿನಾಯಿತಿಯಲ್ಲ.

ಸದಸ್ಯರ ನಡುವಿನ ಮನಸ್ತಾಪಕ್ಕೆ ಮತ್ತಾಯ 18ರ ಮೆಟ್ಟಿಲುಗಳಿವೆ: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಕೊನೆಗೆ ಚರ್ಚಿನ ಮುಂದೆ. ಮಂಡಳಿಗಳು ಮೊದಲ ಎರಡನ್ನು ಹಾರಿ ಮೂರನೆಯದರಿಂದ ಶುರು ಮಾಡುತ್ತವೆ. ಹಿರಿಯರ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಸ್ವೀಕರಿಸಬೇಡ ಎಂಬ ತಿಮೊಥೆಯನಿಗೆ ಬರೆದ ಮಾತೂ ಇದೆ.

ಆದರೆ ಮಗುವಿನ ಮೇಲಿನ ದೌರ್ಜನ್ಯ, ಲೈಂಗಿಕ ಕಿರುಕುಳ, ಹಣದ ದುರ್ಬಳಕೆ ಇವುಗಳಿಗೆ ಈ ಮೆಟ್ಟಿಲುಗಳನ್ನು ಅನ್ವಯಿಸಬೇಡಿ. ನೊಂದವರನ್ನು ಆರೋಪಿಯ ಮುಂದೆ ಒಂಟಿಯಾಗಿ ಕೂರಿಸುವುದು ಕ್ರೌರ್ಯ. ಮಗುವಿನ ವಿಷಯದಲ್ಲಿ ಮಂಡಳಿ ತಾನೇ ತನಿಖೆಗೆ ಇಳಿಯದೆ ನಿಮ್ಮ ದೇಶದ ಕಾನೂನು ಹೇಳಿದ ಅಧಿಕಾರಿಗಳಿಗೆ ತಕ್ಷಣ ತಿಳಿಸಬೇಕು, ಆರೋಪ ಹೊತ್ತವರನ್ನು ಮಕ್ಕಳ ಕೆಲಸದಿಂದ ಅಂದೇ ದೂರವಿಡಬೇಕು. ಚರ್ಚಿನ ಹೆಸರು ಕೆಡುತ್ತದೆ ಎಂದು ತಡ ಮಾಡಿದ ಕಡೆಯಲ್ಲೇ ಹೆಸರು ಹೆಚ್ಚು ಕೆಟ್ಟಿದೆ.

## ಗಮನಿಸಬೇಕಾದ ಲಕ್ಷಣಗಳು

ಎಲ್ಲ ಠರಾವುಗಳೂ ಸರ್ವಾನುಮತದಿಂದ ಆಗುತ್ತಿದ್ದರೆ ಸಂತೋಷಪಡುವ ಮೊದಲು, ನಿಜವಾದ ಚರ್ಚೆ ಎಲ್ಲಿ ನಡೆಯುತ್ತಿದೆ ಎಂದು ವಿಚಾರಿಸಿ. ಬಹುಶಃ ವಾಹನ ನಿಲ್ಲಿಸುವ ಜಾಗದಲ್ಲಿ. ಖಜಾಂಚಿ ಎರಡು ತಿಂಗಳು ಸತತ "ಪುಸ್ತಕ ತರಲು ಮರೆತೆ" ಎಂದರೆ ಮೂರನೇ ತಿಂಗಳಿಗೆ ಕಾಯಬೇಡಿ. ಸಭಾಪಾಲಕರು ಮಂಡಳಿಯ ತೀರ್ಮಾನವನ್ನು ವೇದಿಕೆಯ ಮೇಲಿಂದ ಟೀಕಿಸಿದರೆ ಅಥವಾ ಮಂಡಳಿಯವರು ಪ್ರಸಂಗದ ಉದ್ದವನ್ನು ಠರಾವಿಗೆ ತಂದರೆ ಹಂತ 2ರ ಪಟ್ಟಿ ಕಪಾಟು ಸೇರಿದೆ ಎಂದರ್ಥ, ಮತ್ತೆ ತೆಗೆದು ಓದಿ. ಚುನಾವಣೆಗೆ ಸ್ಥಾನಗಳಷ್ಟೇ ಹೆಸರು ಬರುತ್ತಿದ್ದರೆ ಜನ ದೂರ ಸರಿಯುತ್ತಿದ್ದಾರೆ.

## ಹಂತ 9: ಹಸ್ತಾಂತರ

ಹಳೆಯವರ ಕೊನೆಯ ಸಭೆ ಮತ್ತು ಹೊಸಬರ ಮೊದಲ ಸಭೆ ಒಂದೇ ದಿನ, ಒಂದರ ಹಿಂದೊಂದು ನಡೆಯಲಿ. ಕೀಲಿಗಳು, ನಡಾವಳಿ ಪುಸ್ತಕ, ಆಸ್ತಿಪತ್ರಗಳ ಪಟ್ಟಿ, ಚೆಕ್ ಪುಸ್ತಕ, ಇಮೇಲ್ ಮತ್ತು ಬ್ಯಾಂಕ್ ಆ್ಯಪ್‌ನ ಪ್ರವೇಶ, ಬಾಕಿ ಬಿಲ್ಲುಗಳು, ಅರ್ಧಕ್ಕೆ ನಿಂತ ಕೆಲಸಗಳು ಎಲ್ಲವನ್ನೂ ಎರಡು ಪ್ರತಿಯ ಪಟ್ಟಿಯಲ್ಲಿ ಬರೆದು ಕೊಟ್ಟವರು, ಪಡೆದವರು ಇಬ್ಬರೂ ಸಹಿ ಹಾಕಬೇಕು. ಪಾಸ್‌ವರ್ಡ್ ಕಾಗದದಲ್ಲಿ ಬೇಡ, ಹೊಸಬರು ಅಲ್ಲೇ ಕೂತು ಹೊಸದನ್ನು ಹಾಕಿಕೊಳ್ಳಲಿ. ಹಳೆಯ ಖಜಾಂಚಿ ಮುಂದಿನ ಎರಡು ತಿಂಗಳು ಮತವಿಲ್ಲದೆ ಹಣಕಾಸು ಉಪಸಮಿತಿಯಲ್ಲಿ ಕೂತರೆ ಹೊಸಬರಿಗೆ ಅನುಕೂಲ. ಬ್ಯಾಂಕ್ ಸಹಿ ಬದಲಾವಣೆಯ ಠರಾವನ್ನು ಬ್ಯಾಂಕ್ ಕೇಳುವ ಮಾದರಿಯಲ್ಲೇ ಆ ದಿನವೇ ಬರೆದು, ಅದೇ ವಾರ ಹಳೆಯ ಮತ್ತು ಹೊಸ ಸಹಿದಾರರು ಒಟ್ಟಿಗೆ ಬ್ಯಾಂಕಿಗೆ ಹೋಗಿ ಮುಗಿಸಿ ಬರಲಿ, ಸ್ವೀಕೃತಿಯ ಪ್ರತಿಯನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಲಿ.